ಹಿಟ್ಟಕ್ಕನ ಬೀಗ

“ನಿಮ್ಮ ಬೀಗ, ನಿಮ್ಮ ಕೀ. ಆ ಬೀಗಕ್ಕೆ ಇನ್ನೊಂದು ಕೀ ಈ ಭೂಮಿ ಮೇಲೆ ಎಲ್ಲೂ ಇಲ್ಲ. ತಿಳೀತಾ?” ಎಂದು ಹಿಟ್ಟಕ್ಕ ಬೀಗವನ್ನು ಮೇಜಿನ ಮೇಲೆ ಕುಕ್ಕಿದಳು. ಹೊಸದಾಗಿ ಕೆಲಸಕ್ಕೆ ಸೇರಿದ ಏಳು ಮಂದಿ ತಲೆಯಾಡಿಸಿದರು. ತಲೆಯಾಡಿಸುವವರನ್ನು ಅವಳು ನಂಬುವವಳಲ್ಲ. ಮೊದಲ ಸಾಲಿನವನ ಕಡೆ ಬೆರಳು ತೋರಿಸಿ, “ನೀನು ಹೇಳು, ನಾನೇನಂದೆ?” ಎಂದಳು. ಅವನು ತೊದಲಿದ. “ನೋಡಿದ್ರಾ? ತಲೆ ಆಡಿಸೋಕೆ ಕುತ್ತಿಗೆ ಸಾಕು, ಕೇಳಿಸ್ಕೊಳ್ಳೋಕೆ ಕಿವಿ ಬೇಕು. ಇನ್ನೊಂದು ಸಲ ಹೇಳ್ತೀನಿ.”

ಅದು ಬ್ರೆಡ್ ಕಾರ್ಖಾನೆ. ಹಿಟ್ಟು ನಾದುವ ಯಂತ್ರದ ಹೊಟ್ಟೆಯೊಳಗೆ ಒಬ್ಬ ಮನುಷ್ಯ ಕೂರಬಹುದು, ಅಷ್ಟು ದೊಡ್ಡದು. ಅದನ್ನು ಕೆರೆದು ತೊಳೆಯಲು ಹೋಗುವವರು ಮೊದಲು ಗೋಡೆಯ ಆಚೆಗಿರುವ ಮೇನ್ ಸ್ವಿಚ್ಚನ್ನು ಕೆಳಗೆಳೆದು ಅದಕ್ಕೆ ತಮ್ಮ ಹೆಸರಿನ ಚೀಟಿಯಿರುವ ಬೀಗ ಹಾಕಬೇಕು, ಕೀಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಕೆಲಸ ಮುಗಿಸಿ ತಾವೇ ಬಂದು ತೆಗೆಯಬೇಕು. ಮರೆತು ಮನೆಗೆ ಹೋದರೆ ಮನೆಯಿಂದ ಕರೆಸುತ್ತಾರೆ. ಅಷ್ಟು ಹೊತ್ತು ಯಂತ್ರ ನಿಂತಿರುತ್ತದೆ, ಮ್ಯಾನೇಜರ್ ಕುಣಿಯುತ್ತಿರುತ್ತಾನೆ. ಕುಣಿದರೆ ಕುಣಿಯಲಿ, ಬೇರೆಯವರ ಬೀಗವನ್ನು ಮುಟ್ಟುವ ಹಾಗಿಲ್ಲ.

ಇಷ್ಟು ಹೇಳಿದ ಮೇಲೆ ಅವಳು ಬಲತೋಳಿನ ಬಟ್ಟೆಯನ್ನು ಮೇಲೆ ಸರಿಸುತ್ತಾಳೆ. ಮೊಣಕೈಯಿಂದ ಕೆಳಗೆ ಏನೂ ಇಲ್ಲ. ಒಂಬತ್ತು ವರ್ಷದಿಂದ ಪ್ರತಿ ತಂಡಕ್ಕೂ ಇದೇ ಪಾಠ, ಇದೇ ಜಾಗದಲ್ಲಿ ತೋಳು ಮೇಲೆ. ಹಿಟ್ಟು ನಾದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಇಟ್ಟ ಹೆಸರು ಹಿಟ್ಟಕ್ಕ. ಕೈ ಹೋದರೂ ಹೆಸರು ಹೋಗಲಿಲ್ಲ. ಕಾರ್ಖಾನೆ ಅವಳನ್ನು ಪಾಠ ಹೇಳಲು ಕೂರಿಸಿತು.

“ನಾನು ಒಳಗೆ ಕೈ ಹಾಕಿ ಕೆರೀತಾ ಇದ್ದೆ. ಆಚೆ ಸೂಪರ್‌ವೈಸರ್ ಕಟರ್ ತಂದು ನನ್ನ ಬೀಗ ಕತ್ತರಿಸಿದ. ಕೂಗಲಿಲ್ಲ. ಬಂದು ಬಗ್ಗಿ ನೋಡಲಿಲ್ಲ. ಸ್ವಿಚ್ ಹಾಕಿದ. ಅವನು ಯಾರೋ ಅಲ್ಲ, ನನ್ನ ಒಡಹುಟ್ಟಿದ ತಮ್ಮ.”

ಈ ಮಾತಿಗೆ ಯಾವಾಗಲೂ ಕೋಣೆ ತಣ್ಣಗಾಗುತ್ತದೆ. ಆದರೆ ಇವತ್ತು ಹಿಂದಿನ ಕುರ್ಚಿಯಲ್ಲಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಕೈಯೆತ್ತಿದಳು. ಅವಳು ಬೇರೆ ಕಾರ್ಖಾನೆಯಲ್ಲಿ ದುಡಿದು ಬಂದವಳು. “ನಮ್ಮ ಹಳೇ ಕಡೆ ಮರೆತು ಹೋಗೋರೇ ಹೇಳ್ಬಿಡ್ತಿದ್ರು ಅಕ್ಕ, ಮುಂದಿನ ಸಲ ಕತ್ತರಿಸಿ ಬಿಸಾಕಿ, ನನ್ನನ್ನ ಕರೀಬೇಡಿ ಅಂತ. ಹಂಗೇನಾದ್ರೂ...”

“ಇಲ್ಲಿ ಯಾರೂ ಯಾರಿಗೂ ಹೇಳಿರ್ಲಿಲ್ಲ,” ಎಂದಳು ಹಿಟ್ಟಕ್ಕ.

ಆ ಹೆಂಗಸು ಕೇಳಿದ್ದು ಸುಮ್ಮನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಹಿಟ್ಟಕ್ಕನ ದನಿ ಮಾತ್ರ ಬೇಕಾದ್ದಕ್ಕಿಂತ ಎರಡು ಮೆಟ್ಟಿಲು ಮೇಲೇರಿತ್ತು. ಏಳು ಮಂದಿಯೂ ಅವಳ ಮುಖ ನೋಡಿದರು. ಅವಳು ಪಾಠ ಅಲ್ಲಿಗೇ ಮುಗಿಸಿ ಊಟಕ್ಕೆ ಕಳಿಸಿದಳು.

ಊಟದ ಕೋಣೆಯಲ್ಲಿ ಪಾಸ್ಟರ್ ಕಾದಿದ್ದರು. ಇನ್ನೂ ಚಿಕ್ಕ ವಯಸ್ಸು, ಯಾರದೋ ಅಳತೆಯ ಕೋಟು, ಹನ್ನೆರಡು ತಿಂಗಳೂ ನೆಗಡಿ. ಅವರು ಪ್ರಸಂಗ ಮಾಡುವಾಗ ಜನ ವಚನಕ್ಕಿಂತ ಸೀನಿಗೆ ಹೆಚ್ಚು ಕಾಯುತ್ತಾರೆ ಎಂದು ಹಿಟ್ಟಕ್ಕನೇ ಒಮ್ಮೆ ನಗೆ ಎಬ್ಬಿಸಿದ್ದಳು. ಇವತ್ತು ಅವಳಿಗೆ ನಗು ಬರಲಿಲ್ಲ. ಅವರು ಬಂದದ್ದು ಯಾಕೆಂದು ನೋಡಿದ ಕೂಡಲೇ ಗೊತ್ತಾಗಿತ್ತು.

“ಈ ಭಾನುವಾರ ನಿಮ್ಮ ತಮ್ಮನನ್ನ ಸಭೆಗೆ ಮತ್ತೆ ಸೇರಿಸಿಕೊಳ್ಳೋಣ ಅಂತ ಇದ್ದೀವಿ ಅಕ್ಕ.”

“ಸೇರಿಸ್ಕೊಳ್ಳಿ. ನಿಮ್ಮ ಬೆಂಚು, ನಿಮ್ಮಿಷ್ಟ.”

“ಹಾಗಾಗಲ್ಲ. ಮೊದಲು ನಿಮ್ಮನ್ನ ಕೇಳಬೇಕು. ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ.”

ಗೊತ್ತಿಲ್ಲದೆ ಏನು. ಆ ಚಿಕ್ಕ ಸಭೆಯಲ್ಲಿ ಒಬ್ಬರನ್ನು ಪ್ರಭುವಿನ ಮೇಜಿನಿಂದ, ಅಂದರೆ ಎಲ್ಲರೂ ಕೂಡಿ ರೊಟ್ಟಿ ಮುರಿದು ತಿನ್ನುವ ವಿಧಿಯಿಂದ, ದೂರ ಇಟ್ಟಿದ್ದರೆ, ಅವರಿಂದ ಅನ್ಯಾಯವಾದವರನ್ನು ಎಲ್ಲರ ಮುಂದೆ ಕೇಳದೆ ವಾಪಸು ಕರೆಯುವುದಿಲ್ಲ. ಅವರು ಒಪ್ಪಿದರೆ ಮೊದಲ ಬಲಗೈ ಅವರೇ ಕೊಡಬೇಕು, ಆಮೇಲೆ ಉಳಿದವರು ಸಾಲಾಗಿ ಬಂದು ಕೈ ಕೊಡುತ್ತಾರೆ. ತಮ್ಮನಿಗೆ ಒಂದೂವರೆ ವರ್ಷ ಜೈಲಾದಾಗ ಅವನನ್ನು ಮೇಜಿನಿಂದ ದೂರ ಇಡಿ ಎಂದು ಎದ್ದು ನಿಂತು ಕೇಳಿದ್ದು ಹೆತ್ತ ತಾಯಿಯೇ. ಜೈಲಿನಿಂದ ಬಂದು ಅವನು ಐದಾರು ವರ್ಷ ಕುಡಿದುಕೊಂಡು ಕಂಡ ಕಂಡ ಕಡೆ ಬಿದ್ದಿದ್ದ. ಎರಡು ವರ್ಷದಿಂದ ಪ್ರತಿ ಭಾನುವಾರ ಕೊನೆಯ ಬೆಂಚಿನಲ್ಲಿ ಬಂದು ಕೂರುತ್ತಾನೆ. ರೊಟ್ಟಿಯ ತಟ್ಟೆ ಬಂದಾಗ ಕೈ ಕಟ್ಟಿ ಮುಂದಕ್ಕೆ ಕಳಿಸುತ್ತಾನೆ.

“ಬಲಗೈ ಕೊಡ್ಬೇಕಲ್ವಾ?” ಎಂದಳು ಹಿಟ್ಟಕ್ಕ. “ಎಲ್ಲಿಂದ ತರಲಿ? ಅವತ್ತು ಹಿಟ್ಟಿನ ಜೊತೇಲೇ ಎಸೆದುಬಿಟ್ರಲ್ಲ.”

ಪಾಸ್ಟರ್ ಕರ್ಚೀಫು ತೆಗೆದರು. “ಅವರು ತುಂಬ ಬದಲಾಗಿದ್ದಾರೆ. ದೇವರು ಅವರನ್ನ ಕ್ಷಮಿಸಿದ್ದಾನೆ ಅಂತ ನನ್ನ ನಂಬಿಕೆ.”

“ಯಾರನ್ನ ಕೇಳಿ ಕ್ಷಮಿಸಿದ? ಕೈ ಹೋಗಿದ್ದು ಯಾರದು, ದೇವರದಾ?”

“ಅವನ ಕೈಗೂ ಮೊಳೆ ಹೊಡೆದಿದ್ರು ಅಕ್ಕ.”

“ಪ್ರಸಂಗ ಭಾನುವಾರಕ್ಕೆ ಇಟ್ಕೊಳ್ಳಿ. ಇದು ಊಟದ ಹೊತ್ತು.” ಅವಳು ಡಬ್ಬಿಯ ಮುಚ್ಚಳವನ್ನು ಹೊಟ್ಟೆಗೆ ಒತ್ತಿಕೊಂಡು ಎಡಗೈಯಲ್ಲಿ ತಿರುಗಿಸಿದಳು. ಪಾಸ್ಟರ್ ಸಹಾಯಕ್ಕೆ ಕೈ ಚಾಚಿದಾಗ ಅವಳು ನೋಡಿದ ನೋಟಕ್ಕೆ ಕೈ ಹಾಗೆಯೇ ಹಿಂದಕ್ಕೆ ಹೋಯಿತು.

ಅವರು ಎದ್ದರು. “ಬೇಡ ಅನ್ನೋ ಹಕ್ಕು ನಿಮಗಿದೆ. ಆದ್ರೆ ಸಭೆಯಲ್ಲಿ ನಿಂತು ಅನ್ನಬೇಕು.”

“ಅಂತೀನಿ,” ಎಂದಳು. “ಎಲ್ಲರಿಗೂ ಕೇಳಿಸೋ ಹಾಗೆ ಅಂತೀನಿ.”

ಮರುದಿನ ಬೆಳಿಗ್ಗೆ ಅಮ್ಮನ ಮುಂದೆ ಜಡೆಗೆ ಕೂತಾಗ ಸುದ್ದಿ ಹೇಳಿದಳು. ಒಂದು ಕೈಯಲ್ಲಿ ಜಡೆ ಹೆಣೆಯಲಾಗುವುದಿಲ್ಲ. ಕೂದಲು ಕತ್ತರಿಸಿಕೊಳ್ಳಲು ಅವಳು ಒಪ್ಪಲಿಲ್ಲ. ಹೋದದ್ದು ಸಾಲದೇ ಎಂದಳು. ಜಡೆ ಕಟ್ಟಿ ಟೋಪಿಯೊಳಗೆ ಸೇರಿಸದೆ ಬ್ರೆಡ್ ಕಾರ್ಖಾನೆಯ ಬಾಗಿಲು ದಾಟುವಂತಿಲ್ಲ. ಹಾಗಾಗಿ ನಲವತ್ತಮೂರು ವರ್ಷದ ಮಗಳು ದಿನಾ ಬೆಳಿಗ್ಗೆ ನೆಲದ ಮೇಲೆ ಕೂರುತ್ತಾಳೆ, ಎಪ್ಪತ್ತರ ತಾಯಿ ಕುರ್ಚಿಯಲ್ಲಿ ಕೂತು ಮೊಣಕಾಲ ನಡುವೆ ಅವಳ ತಲೆ ಹಿಡಿದು ಬಾಚುತ್ತಾಳೆ. ಮದುವೆಗೆ ನೋಡುತ್ತಿದ್ದವರು ನೋಡುವುದನ್ನು ಬಿಟ್ಟ ಮೇಲೆ ಈ ಮನೆಯಲ್ಲಿ ಇವರಿಬ್ಬರೇ.

“ಅವನಿಗೆ ಎಷ್ಟು ಸೊಕ್ಕು,” ಎಂದಳು ಅಮ್ಮ. ಬಾಚಣಿಗೆ ಸಿಕ್ಕಿನಲ್ಲಿ ನಿಂತಿತು. ಅಮ್ಮ ಬಿಡಿಸುವ ಬದಲು ಎಳೆದಳು. “ಮನೆ ಹಾಳು ಮಾಡಿದವನಿಗೆ ದೇವರ ಮನೇಲಿ ಮಣೆ ಹಾಕ್ತಾರಂತೆ.”

“ನಿಧಾನ ಅಮ್ಮ.”

“ನಾನೂ ಬರ್ತೀನಿ. ನೀನು ಹೇಳಿದ ಮೇಲೆ ನಾನೂ ನಿಂತು ಹೇಳ್ತೀನಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನನಗೆ ಆ ಹೆಗ್ಗಣ ಬೇಡ. ಮೂರು ಸಲ ಬಾಗಿಲಿಗೆ ಬಂದ, ಮೂರು ಸಲವೂ ಮುಖದ ಮೇಲೆ ಹಾಕಿದೆ. ನಾನು ಹೆತ್ತದ್ದು ಒಂದೇ.”

 ಮೂರು ಸಲವೂ ಹಿಟ್ಟಕ್ಕ ಕಿಟಕಿಯ ಹಿಂದೆ ನಿಂತು ನೋಡಿದ್ದಳು.

ಅಮ್ಮನಿಗೆ ಗೊತ್ತಿಲ್ಲದ್ದು ಇಷ್ಟು. ಆ ದುರಂತಕ್ಕೆ ಮೂರು ವಾರ ಮೊದಲು ಹಿಟ್ಟಕ್ಕ ಬೀಗ ಮರೆತು ಮನೆಗೆ ಬಂದಿದ್ದಳು. ಆ ತಿಂಗಳಲ್ಲಿ ಅದು ಎರಡನೇ ಸಲ. ತಟ್ಟೆಯ ಮುಂದೆ ಕೂತವಳನ್ನು ಫೋನು ಮಾಡಿ ಎಬ್ಬಿಸಿದರು. ಎರಡು ಬಸ್ಸು ಬದಲಿಸಿ, ಹಸಿದ ಹೊಟ್ಟೆಯಲ್ಲಿ, ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡು ಬಂದವಳು ಬೀಗ ತೆಗೆದು ತಮ್ಮನ ಎದೆಗೆ ಒತ್ತಿ ಹೇಳಿದ್ದಳು: “ಇನ್ನೊಂದು ಸಲ ನನ್ನನ್ನ ಹೀಗೆ ಎಳೆಸಿದ್ರೆ ನೋಡು. ಎರಡು ಗಂಟೆ ಮೇಲೆ ನನ್ನ ಬೀಗ ಕಂಡ್ರೆ ನಾನು ಮನೆಗೆ ಹೋಗಿದೀನಿ ಅಂತ ತಿಳ್ಕೋ. ಕತ್ತರಿಸಿ ಬಿಸಾಕು.” ಅಲ್ಲಿ ಬೇರೆ ಯಾರೂ ಇರಲಿಲ್ಲ. ದುರಂತದ ದಿನ ಅವಳ ಪಾಳಿ ಎರಡಕ್ಕೆ ಮುಗಿದಿತ್ತು. ಬ್ರೆಡ್ಡಿನಲ್ಲಿ ಒಣ ಹಿಟ್ಟಿನ ಗಂಟು ಸಿಕ್ಕಿತೆಂದು ಯಾರೋ ದೂರಿದ್ದಕ್ಕೆ ಅವಳು ಯಾರಿಗೂ ಹೇಳದೆ ಹತ್ತು ನಿಮಿಷ ಹೆಚ್ಚಿಗೆ ನಿಂತು ಕೆರೆಯುತ್ತಿದ್ದಳು. ತಮ್ಮ ಎರಡೂ ಐದಕ್ಕೆ ಬೀಗ ನೋಡಿದ.

ವಿಚಾರಣೆಯಲ್ಲಿ ಅಧಿಕಾರಿ ಅವಳನ್ನು ಕೇಳಿದ್ದರು, ಬೀಗ ಕತ್ತರಿಸಲು ನೀವು ಯಾವಾಗಲಾದರೂ ಹೇಳಿದ್ದಿರಾ ಎಂದು. ತಮ್ಮ ಎದುರಿಗೇ ಕೂತು ನೆಲ ನೋಡುತ್ತಿದ್ದ. ಅಮ್ಮ ಪಕ್ಕದಲ್ಲಿ ಅವಳ ಬ್ಯಾಂಡೇಜಿನ ತುದಿ ಹಿಡಿದುಕೊಂಡಿದ್ದಳು. “ಇಲ್ಲ,” ಎಂದಳು ಹಿಟ್ಟಕ್ಕ. ಈಗ ಅವನು ಬಾಯಿ ಬಿಡುತ್ತಾನೆ ಎಂದು ಕಾದಳು. ಅವನ ಸರದಿ ಬಂದಾಗ ಅವನೂ, “ಯಾರೂ ಹೇಳಿಲ್ಲ. ನಾನೇ ಕತ್ತರಿಸಿದೆ,” ಎಂದ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದೆ ಬಿಟ್ಟ ಮಾತು ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲೇ ಬಿದ್ದಿರುತ್ತದೆ. ಅವನು ಹೇಳಿಬಿಟ್ಟಿದ್ದರೆ ಅವಳು ಸುಳ್ಳು ಎಂದು ಜಗಳವಾಡುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಅದಕ್ಕಾಗಿ ಅವನನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಸಭೆಯಲ್ಲಿ ಪ್ರಭು ಕಲಿಸಿದ ಪ್ರಾರ್ಥನೆ ಹೇಳುವಾಗ, ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂಬ ಸಾಲಿಗೆ ಅವಳು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಪಾಪ, ಎಷ್ಟು ನೊಂದಿದ್ದಾಳೆ ಎಂದು ಪಕ್ಕದವರು ಮರುಗುತ್ತಿದ್ದರು. ಪ್ರಭುವಿನ ಮೇಜಿಗೆ ಬ್ರೆಡ್ಡು ಕಾರ್ಖಾನೆಯಿಂದ ಅವಳೇ ತರುತ್ತಿದ್ದಳು. ತಿನ್ನುವಾಗ ಅದು ಹತ್ತಿಯ ಉಂಡೆಯಂತೆ ಗಂಟಲಲ್ಲಿ ನಿಲ್ಲುತ್ತಿತ್ತು.

“ಬಿಗಿ ಆಯ್ತಾ?” ಎಂದು ಅಮ್ಮ ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿದಳು. ಅಮ್ಮನ ಜಡೆ ಸಂಜೆಯವರೆಗೂ ಒಂದು ಎಳೆ ಅಲುಗುವುದಿಲ್ಲ. “ಆಯ್ತು,” ಎಂದಳು ಮಗಳು.

ಶನಿವಾರ ಮಧ್ಯಾಹ್ನ ಅವಳು ಬಸ್ ಡಿಪೋಗೆ ಹೋದಳು. ನಾಳೆ ಬರಬೇಡ ಎಂದು ಅವನಿಗೇ ಹೇಳಿಬಿಟ್ಟರೆ ಸಭೆಯಲ್ಲಿ ನಿಲ್ಲುವ ಪ್ರಮೇಯವೇ ಇರುವುದಿಲ್ಲ ಎಂಬ ಲೆಕ್ಕ. ತಮ್ಮ ಅಲ್ಲಿ ಬಸ್ಸು ತೊಳೆಯುವ ಕೆಲಸದಲ್ಲಿದ್ದ. ಮೊಣಕಾಲುದ್ದದ ರಬ್ಬರ್ ಬೂಟು, ಉದ್ದ ಕೋಲಿನ ಬ್ರಷ್ಷು. ನಲವತ್ತಕ್ಕೇ ತಲೆ ಪೂರಾ ಬೆಳ್ಳಗಾಗಿತ್ತು. ಅಕ್ಕನನ್ನು ನೋಡಿ ಅವನು ಪೈಪು ನಿಲ್ಲಿಸಿದ.

“ನಾಳೆ ಬರ್ಬೇಡ,” ಎಂದಳು.

“ಕೂತ್ಕೋ ಅಕ್ಕ.”

“ಕೂರೋಕೆ ಬಂದಿಲ್ಲ. ನೀನು ಬಂದ್ರೆ ನಾನು ನಿಂತು ಬೇಡ ಅಂತೀನಿ. ಅಮ್ಮನೂ ಅಂತಾಳೆ. ಎಲ್ಲರ ಮುಂದೆ ಮರ್ಯಾದೆ ಕಳ್ಕೋತೀಯ.”

“ಇರೋದನ್ನ ತಾನೇ ಕಳ್ಕೊಳ್ಳೋದು,” ಎಂದು ಅವನು ಸ್ವಲ್ಪ ನಕ್ಕ. “ಬೇಡ ಅನ್ನು. ನಿನಗೆ ಅನ್ನೋ ಹಕ್ಕಿದೆ. ಕೇಳಿಸ್ಕೊಂಡು ಹಿಂದಿನ ಬೆಂಚಿಗೆ ಹೋಗ್ತೀನಿ.”

ಅವನು ಜಗಳಕ್ಕೆ ಬಂದಿದ್ದರೆ ಅವಳು ಗೆದ್ದು ಹೋಗುತ್ತಿದ್ದಳು. ಈ ತಣ್ಣನೆಯ ಮಾತು ಅವಳಿಗೆ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು. “ದೊಡ್ಡ ಸಂತ ಆಗ್ಬಿಟ್ಟಿದೀಯ. ಯಾಕೆ ಹೇಳಲಿಲ್ಲ ಅವತ್ತು? ವಿಚಾರಣೇಲಿ ಬಾಯಿಗೆ ಏನಾಗಿತ್ತು?”

ಒಂಬತ್ತು ವರ್ಷದಲ್ಲಿ ಆ ವಿಷಯ ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅವನು ಬ್ರಷ್ಷನ್ನು ಬಸ್ಸಿಗೆ ಒರಗಿಸಿದ.

“ಕಟರ್ ನನ್ನ ಕೈಲಿತ್ತು ಅಕ್ಕ. ನೀನು ಹೇಳಿದ್ದು ಹಸಿದ ಸಿಟ್ಟಿಗೆ. ನಾನು ಗೋಡೆ ಆಚೆ ಬಗ್ಗಿ ನೋಡೋಕೆ ಆರು ಹೆಜ್ಜೆ ಸಾಕಿತ್ತು, ನೋಡಲಿಲ್ಲ. ಆಮೇಲೆ ಆ ಕೋಣೇಲಿ ನೀನು ಬ್ಯಾಂಡೇಜು ಕಟ್ಕೊಂಡು ಕೂತಿದ್ದೆ. ಕೈ ಹೋಯ್ತು, ಮಾತೂ ಹೋಗೋದು ಬೇಡ ಅನ್ನಿಸ್ತು. ಅಷ್ಟೇ.”

“ನನಗೆ ದಾನ ಮಾಡಿದ್ಯಾ?”

“ಅವತ್ತು ಹಾಗಂದ್ಕೊಂಡೆ.” ಅವನ ದನಿ ಈಗ ಬದಲಾಯಿತು. “ಆಮೇಲೆ ಜೈಲಲ್ಲಿ ಗೊತ್ತಾಯ್ತು, ದಾನ ಅಲ್ಲ ಅಂತ. ನೀನೇ ಬಂದು ಹೇಳ್ತೀಯ ಅಂತ ಕಾದೆ. ಒಂದು ದಿನ ಬರ್ಲಿಲ್ಲ ನೀನು. ಅಮ್ಮ ಬಾಗಿಲು ಹಾಕಿದಾಗ ಕಿಟಕೀಲಿ ನಿಂತಿದ್ದೆ, ನಾನು ನೋಡಿದೀನಿ. ಕುಡಿದು ಬಿದ್ದಾಗೆಲ್ಲ ನಿನ್ನ ಹೆಸರು ಹಿಡಿದು ಬೈತಿದ್ದೆ. ನೀನು ಸಾಯ್ಲಿ ಅಂತಿದ್ದೆ. ಸಿಟ್ಟಿರ್ಲಿಲ್ಲ ಅಂತ ತಿಳೀಬೇಡ.”

“ಈಗ?”

“ಈಗಿಲ್ಲ. ಎರಡು ವರ್ಷ ಆಯ್ತು ನಿನ್ನನ್ನ ಕ್ಷಮಿಸಿ. ಒಂದು ದಿನದಲ್ಲಿ ಆಗಿದ್ದಲ್ಲ ಅದು. ದಿನಾ ಬೆಳಿಗ್ಗೆ ಎದ್ದು ಮೊದಲಿಂದ ಶುರು ಮಾಡ್ಬೇಕಾಗಿತ್ತು.”

ಹಿಟ್ಟಕ್ಕನಿಗೆ ಕಿವಿಯನ್ನು ನಂಬಲಾಗಲಿಲ್ಲ. “ನೀನು? ನನ್ನನ್ನ? ಕೈ ಕಳ್ಕೊಂಡವಳು ನಾನು, ಕ್ಷಮಿಸೋನು ನೀನಾ?”

ಪಕ್ಕದಲ್ಲಿ ಸೋಪಿನ ನೀರಿನ ಬಕೆಟ್ಟಿತ್ತು. ಎಡಗೈಯಲ್ಲಿ ಎತ್ತಿ ಅವನ ಮೇಲೆ ಎರಚಿದಳು. ಒಂದು ಕೈಯ ಎರಚಾಟಕ್ಕೆ ಹಿಡಿತವೆಲ್ಲಿ? ಅರ್ಧ ಅವನ ಎದೆಗೆ ಬಿತ್ತು, ಅರ್ಧ ಅವಳ ಕಾಲಿಗೇ. ಬೀಡಿ ಸೇದುತ್ತಿದ್ದ ಡ್ರೈವರೊಬ್ಬ, “ಬಸ್ಸನ್ನೂ ಹಂಗೇ ಒಂದು ಕಡೆ ತೊಳೆದುಬಿಡಮ್ಮ,” ಎಂದು ನಕ್ಕ. ತಮ್ಮ ನಗಲಿಲ್ಲ. ಮುಖದ ಸೋಪು ಒರೆಸಿಕೊಳ್ಳದೆ, ಜಾರುವ ನೆಲದ ಮೇಲೆ ಅಕ್ಕ ಬೀಳದ ಹಾಗೆ ಅವಳ ಎಡಗೈಯ ಮೊಣಕೈ ಹಿಡಿದ. ಅವಳು ಕೊಡವಿಕೊಂಡು ಹೊರಟಳು.

ಬಸ್ಸಿನಲ್ಲಿ ಕೂತು ಅತ್ತಳು. ಸಿಟ್ಟಿಗೆ ಅತ್ತಳು, ಆಮೇಲೆ ಸಿಟ್ಟು ಮುಗಿದರೂ ಅಳು ಮುಗಿಯಲಿಲ್ಲ. ತಪ್ಪು ಮಾಡದವಳನ್ನು ಯಾರೂ ಕ್ಷಮಿಸುವುದಿಲ್ಲ. ಅವನು ಕ್ಷಮಿಸಿದ್ದೇನೆ ಅಂದಾಗ, ನಿನಗೆ ತಲೆ ಕೆಟ್ಟಿದೆಯೇ, ನಾನೇನು ಮಾಡಿದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮನೆಗೆ ಬಂದು ಬೀರುವಿನ ಕೆಳಗಿನ ಖಾನೆ ಎಳೆದಳು. ವಿಚಾರಣೆ ಮುಗಿದ ಮೇಲೆ ಅವರು ಕೊಟ್ಟ ಬೀಗ ಪ್ಲಾಸ್ಟಿಕ್ ಕವರಿನಲ್ಲಿ ಇನ್ನೂ ಇತ್ತು, ಕೊಂಡಿ ಎರಡು ತುಂಡು. ಅದರ ಕೀ ಇವತ್ತಿಗೂ ಮನೆಯ ಕೀ ಗೊಂಚಲಿನಲ್ಲೇ ಇತ್ತು. ಬೀಗವನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ಕೀ ಹಾಕಿ ತಿರುಗಿಸಿದಳು. ತಿರುಗಿತು.

“ಏನು ಮಾಡ್ತಿದೀಯೇ ಅಲ್ಲಿ?” ಎಂದಳು ಅಮ್ಮ ಆಚೆಯಿಂದ.

“ಏನಿಲ್ಲ,” ಎಂದಳು. ಆಮೇಲೆ ಅಮ್ಮನ ಮುಂದೆ ಹೋಗಿ ನಿಂತಳು. ಹೇಳಲು ಬಾಯಿ ತೆರೆದಳು. ಅಮ್ಮ ಅವಳ ಒದ್ದೆ ಪಾದ ನೋಡಿ, ನೆಗಡಿಯಾದೀತು ಎಂದು ಟವೆಲು ತಂದು ಕೂತು ಒರೆಸತೊಡಗಿದಳು. ಅಮ್ಮನ ಬಗ್ಗಿದ ತಲೆಯನ್ನು ನೋಡುತ್ತ ಅವಳಿಗೆ ಹೇಳಲಾಗಲಿಲ್ಲ. ಹೇಳಿದರೆ ನಾಳೆಯಿಂದ ಈ ಕೈ ತನ್ನನ್ನು ಮುಟ್ಟುವುದಿಲ್ಲ ಎಂದು ಭಯವಾಯಿತು.

ಭಾನುವಾರ ಬೆಂಚುಗಳು ತುಂಬಿದ್ದವು. ಜಗಳ ನಡೆಯುತ್ತದೆ ಎಂದು ಗೊತ್ತಾದರೆ ಭಕ್ತಿ ಹೆಚ್ಚುತ್ತದೆ. ತಮ್ಮ ಮುಂದೆ ನಿಂತಿದ್ದ, ಇಸ್ತ್ರಿಯಿಲ್ಲದ ಬಿಳಿ ಅಂಗಿ. ಪಾಸ್ಟರ್ ಮೂಗೊರೆಸಿಕೊಂಡು ಕೇಳಿದರು, ಈ ಸಹೋದರನನ್ನು ಮತ್ತೆ ಮೇಜಿಗೆ ಕರೆಯಲು ಅನ್ಯಾಯಕ್ಕೊಳಗಾದವರ ಒಪ್ಪಿಗೆ ಇದೆಯೇ ಎಂದು. ಎಲ್ಲರ ಕುತ್ತಿಗೆಯೂ ಹಿಟ್ಟಕ್ಕನ ಕಡೆ ತಿರುಗಿತು. ಅವಳು ಏಳಲಿಲ್ಲ. ಅಮ್ಮ ಮೊಣಕೈಯಿಂದ ತಿವಿದಳು, ಆಮೇಲೆ ತಾನೇ ಮುಂದಿನ ಬೆಂಚಿನ ಅಂಚು ಹಿಡಿದು ಏಳತೊಡಗಿದಳು.

“ಕೂತ್ಕೋ ಅಮ್ಮ,” ಎಂದು ಹಿಟ್ಟಕ್ಕ ಅವಳ ಭುಜ ಒತ್ತಿ ತಾನು ಎದ್ದಳು.

ಕಾರ್ಖಾನೆಯಲ್ಲಿ ಪಾಠ ಹೇಳುವ ದನಿಯಲ್ಲೇ ಶುರು ಮಾಡಿದಳು, ಬೇರೆ ದನಿ ಅವಳಿಗೆ ಬರುತ್ತಿರಲಿಲ್ಲ. “ಬೀಗ ಕತ್ತರಿಸಿದ್ದು ಅವನು. ಕತ್ತರಿಸು ಅಂತ ಹೇಳಿದ್ದು ನಾನು. ಮೂರು ವಾರ ಮುಂಚೆ, ನನ್ನ ಬಾಯಾರೆ ಹೇಳಿದ್ದೆ. ವಿಚಾರಣೇಲಿ ಇಲ್ಲ ಅಂತ ಸುಳ್ಳು ಹೇಳಿದೆ. ಅವನಿಗೂ ಗೊತ್ತಿತ್ತು, ಹೇಳಲಿಲ್ಲ.” ಎಡಗೈಯಲ್ಲಿ ಮುಂದಿನ ಬೆಂಚಿನ ಅಂಚು ಹಿಡಿದಳು. “ಒಂಬತ್ತು ವರ್ಷದಿಂದ ನಾನು ಈ ಮೇಜಿಂದ ತಿಂತಿದೀನಿ. ಅವನು ಹಿಂದೆ ಕೂತಿದ್ದಾನೆ.”

“ಥೂ,” ಎಂದಿತು ಹಿಂದಿನ ಬೆಂಚಿನ ಒಂದು ದನಿ. ಯಾರೋ ಶ್ ಅಂದರು. “ಯಾಕೆ ಹೇಳಿದೆ ಅಕ್ಕ?” ಎಂದ ತಮ್ಮ, ಬೈಯುವ ಹಾಗೆ. ಹಿಟ್ಟಕ್ಕ ಅವನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು. ಅಮ್ಮ ನಿಧಾನವಾಗಿ ಎದ್ದಳು. ದನಿ ಏರಿಸಲಿಲ್ಲ.

“ನನ್ನ ಕೈಯಿಂದಲೇ ನನ್ನ ಮಗನಿಗೆ ಬಾಗಿಲು ಹಾಕಿಸಿದ್ಯಲ್ಲೇ,” ಎಂದಳು. “ಮೂರು ಸಲ.” ಬೆಂಚುಗಳನ್ನು ಹಿಡಿದು ಹಿಡಿದು ಬಾಗಿಲ ಕಡೆ ನಡೆದಳು. ಮಗನ ಕಡೆಗೂ ತಿರುಗಲಿಲ್ಲ. ಹಿಂದೆ ಹೋಗಲು ಹೆಜ್ಜೆಯಿಟ್ಟ ಹಿಟ್ಟಕ್ಕನಿಗೆ, “ಬರ್ಬೇಡ,” ಎಂದಳು.

ಪಾಸ್ಟರ್ ಕೈಯಲ್ಲಿದ್ದ ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. ಇಂಥದ್ದಕ್ಕೆ ಅದರಲ್ಲಿ ಏನೂ ಬರೆದಿರಲಿಲ್ಲವೆಂದು ಕಾಣುತ್ತದೆ. ಮುಚ್ಚಿಟ್ಟರು. “ಹಾಗಾದ್ರೆ ಸೇರಿಸಿಕೊಳ್ಳಬೇಕಾದವರು ಇಬ್ಬರು ಅಂತಾಯ್ತು. ಬನ್ನಿ ಅಕ್ಕ, ಇಲ್ಲಿ ಬಂದು ನಿಲ್ಲಿ,” ಎಂದರು.

ಅವಳು ತಮ್ಮನ ಪಕ್ಕ ಹೋಗಿ ನಿಂತಳು. ಅಲ್ಲಿಂದ ಸಭೆ ಹೇಗೆ ಕಾಣುತ್ತದೆಂದು ಅವಳು ಅದುವರೆಗೆ ನೋಡಿರಲಿಲ್ಲ. ಜನ ಸಾಲಾಗಿ ಬಂದರು. ಅವನಿಗೆ ಬಲಗೈ ಕೊಟ್ಟು ಕೆಲವರು ಅವಳನ್ನು ದಾಟಿ ಹೋದರು. ಕೆಲವರು ಅಭ್ಯಾಸಬಲದಿಂದ ಬಲಗೈ ಚಾಚಿ, ಗಡಿಬಿಡಿಯಾಗಿ ಎಡಗೈಗೆ ಬದಲಿಸಿದರು. ಒಬ್ಬ ಮುದುಕಿ ಖಾಲಿ ತೋಳಿನ ತುದಿಯನ್ನೇ ಹಿಡಿದು ಕುಲುಕಿದಳು. ಆಮೇಲೆ ತಟ್ಟೆ ಬಂತು. ತಮ್ಮ ತುಂಡು ಮುರಿಯಲಾರದೆ ತಡವರಿಸಿದ. ಒಂಬತ್ತು ವರ್ಷದ ಮೇಲೆ ಅದು ಮೊದಲ ತುಂಡು. ಶುಕ್ರವಾರದ ಬ್ರೆಡ್ಡು, ಗಟ್ಟಿಯಾಗಿತ್ತು. ಹಿಟ್ಟಕ್ಕ ಅಗಿದಳು. ಅದಕ್ಕೆ ಬ್ರೆಡ್ಡಿನ ರುಚಿಯೇ ಇತ್ತು, ಸ್ವಲ್ಪ ಉಪ್ಪು ಕಡಿಮೆ. ಗಂಟಲಿನಲ್ಲಿ ಏನೂ ನಿಲ್ಲಲಿಲ್ಲ. ಅವಳಿಗೆ ಹಗುರಾಯಿತು, ಅಮ್ಮ ಹೋದ ಬಾಗಿಲು ಕಣ್ಣೆದುರಿಗೇ ತೆರೆದಿದ್ದರೂ ಹಗುರಾಯಿತು, ಅದಕ್ಕೆ ನಾಚಿಕೆಯೂ ಆಯಿತು.

ಅಮ್ಮ ಆ ದಿನ ಪೂರ್ತಿ ಮಾತಾಡಲಿಲ್ಲ. ತಟ್ಟೆಯನ್ನು ಮಗಳ ಮುಂದೆ ಇಟ್ಟಳು, ತಾನು ಒಳಗೆ ಹೋಗಿ ಉಂಡಳು.

ಸೋಮವಾರ ಬೆಳಿಗ್ಗೆ ಹಿಟ್ಟಕ್ಕ ತಲೆ ಬಿಚ್ಚಿಕೊಂಡು ನೆಲದ ಮೇಲೆ ಕೂತು ಕಾದಳು. ಕುರ್ಚಿ ಖಾಲಿ ಇತ್ತು. ಮನೆಯೂ ಖಾಲಿ, ಅಮ್ಮ ಬೆಳಕು ಹರಿಯುವ ಮೊದಲೇ ಎಲ್ಲಿಗೋ ಹೋಗಿದ್ದಳು. ಏಳೂ ಮುಕ್ಕಾಲಾಯಿತು. ಎಂಟೂವರೆಗೆ ಆ ಏಳು ಮಂದಿಗೆ ಎರಡನೇ ಪಾಠವಿತ್ತು. ಕತ್ತರಿಸಿದ ಬೀಗವನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ನಿಜ ಹೇಳಿದ ಮೇಲೆ ಕಾರ್ಖಾನೆ ಅವಳನ್ನು ಇಟ್ಟುಕೊಳ್ಳುತ್ತದೋ ಬಿಡುತ್ತದೋ, ಆದರೆ ಬಿಚ್ಚುಗೂದಲಲ್ಲಿ ಬಾಗಿಲು ದಾಟಲೂ ಬಿಡುವುದಿಲ್ಲ. ಬಾಚಣಿಗೆಯನ್ನು ಎಡಗೈಯಲ್ಲಿ ಹಿಡಿದು ಒಂದಷ್ಟು ಎಳೆದಳು. ಹಲ್ಲಿನಲ್ಲಿ ಒಂದು ಎಳೆ ಕಚ್ಚಿಕೊಂಡು ಹೆಣೆಯಲು ನೋಡಿದಳು, ಆಗಲಿಲ್ಲ.

ಬಾಗಿಲು ತೆರೆಯಿತು. ಅಮ್ಮ ಬಂದಳು, ಹಿಂದೆ ರಬ್ಬರ್ ಬೂಟಿನಲ್ಲೇ ತಮ್ಮ. ಮುದುಕಿ ಎರಡು ಬಸ್ಸು ಬದಲಿಸಿ ಡಿಪೋಗೆ ಹೋಗಿ ಕರೆತಂದಿದ್ದಳು. ಅವನು ಹೊಸ್ತಿಲಲ್ಲೇ ನಿಂತ. “ಒಳಗೆ ಬಾ,” ಎಂದಳು ಅಮ್ಮ, “ಬೂಟು ಬಿಚ್ಚು, ನೆಲ ಒರೆಸಿದೆ.” ಮಗಳ ಕಡೆ ನೋಡಲಿಲ್ಲ. ಅವಳ ಕೈಯಿಂದ ಬಾಚಣಿಗೆ ಕಿತ್ತುಕೊಂಡಳು. ಅದನ್ನು ಮಗನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು.

ತಮ್ಮ ಬಾಚಣಿಗೆಯನ್ನು ನೋಡಿದ, ಕುರ್ಚಿಯನ್ನು ನೋಡಿದ, ಕೂತ.

“ಬರುತ್ತೇನೋ ನಿನಗೆ?” ಎಂದಳು ಹಿಟ್ಟಕ್ಕ ತಿರುಗದೆ.

“ನೀನೇ ಕಲಿಸಿದ್ದು. ಮರೆತ್ಯಾ?”

ಮರೆತಿರಲಿಲ್ಲ. ಅವನು ಕಾರ್ಖಾನೆಗೆ ಸೇರಿದ ಮೊದಲ ವಾರ ಜಡೆ ಬ್ರೆಡ್ ಹೆಣೆಯಲು ಬರದೆ ಒದ್ದಾಡುತ್ತಿದ್ದಾಗ, ಊಟದ ಕೋಣೆಯಲ್ಲಿ ಅವಳು ತನ್ನ ಜಡೆ ಬಿಚ್ಚಿ ಅವನ ಮುಂದೆ ಹಾಕಿದ್ದಳು, ಇದರ ಮೇಲೆ ಕಲಿ, ಹಿಟ್ಟು ಹಾಳು ಮಾಡಬೇಡ ಎಂದು. ಈಗ ಅವನು ಮೂರು ಪಾಲು ಮಾಡಿದ. ಬೆರಳುಗಳು ಸೋಪಿನ ನೀರಿಗೆ ಬಿರಿದು ಕೂದಲು ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅವನು ಎಳೆಯಲಿಲ್ಲ, ಬಿಡಿಸಿಕೊಂಡು ಮುಂದುವರಿದ. ತುದಿಗೆ ಬಂದಾಗ ಹಳೆಯ ಅಭ್ಯಾಸಕ್ಕೆ ಅದನ್ನು ಚಿವುಟಿ ಅಡಿಗೆ ಮಡಚಿದ.

“ಬ್ರೆಡ್ಡಲ್ಲ ಕಣೋ ಅದು,” ಎಂದಳು ಹಿಟ್ಟಕ್ಕ. “ರಬ್ಬರ್ ಬ್ಯಾಂಡ್ ಹಾಕು.”

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿಂದ ನಿಂತಿದ್ದಳೋ. ಜಡೆಯನ್ನು ಮೇಲಿಂದ ಕೆಳಗೆ ನೋಡಿದಳು.

“ಸಡಿಲ ಆಯ್ತು,” ಎಂದಳು. “ಬಿಚ್ಚು. ಇನ್ನೊಂದು ಸಲ ಹಾಕು.”

ಅವನು ತುದಿಯಿಂದ ಬಿಚ್ಚಿದ. ಬಾಚಿ, ಮತ್ತೆ ಮೂರು ಪಾಲು ಮಾಡಿದ.